ಪ್ರಕೃತಿಯ ಮದ್ದು, ಪ್ರಯೋಗಶಾಲೆಯ ಮದ್ದು

ಗಿಡಮೂಲಿಕೆಯಿಂದ ಬಂದ ಮದ್ದು ಒಳ್ಳೆಯದು, ಕಾರ್ಖಾನೆಯಲ್ಲಿ ತಯಾರಾದದ್ದು ಬರಿಯ ವಿಷ ಎಂಬ ಮಾತನ್ನು ನಾವೆಲ್ಲರೂ ಮನೆಯಲ್ಲಿಯೂ ಬಸ್ಸಿನಲ್ಲಿಯೂ ಕೇಳಿದ್ದೇವೆ. ಇದಕ್ಕೆ ಎದುರಾಗಿ, ಗಿಡಬೇರುಗಳ ಮಾತೆಲ್ಲ ಅಜ್ಜಿಯ ಕಾಲದ್ದು, ವಿಜ್ಞಾನವೆಂದರೆ ಪ್ರಯೋಗಶಾಲೆಯೇ ಎಂದು ವಾದಿಸುವ ಮಿತ್ರರೂ ಉಂಟು. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಕ್ಯಾನ್ಸರ್ ಅಥವಾ ಅರ್ಬುದ ರೋಗಕ್ಕೆ ಇಂದು ವೈದ್ಯರು ಕೊಡುವ ಮದ್ದುಗಳಲ್ಲಿ ಹಲವು ಮೊದಲು ದೊರೆತದ್ದು ಮರದ ತೊಗಟೆಯಲ್ಲಿ, ಹೂಗಿಡದ ಎಲೆಯಲ್ಲಿ, ಕಡಲ ತಳದ ಜೀವಿಯಲ್ಲಿ. ಆದರೆ ಅವು ರೋಗಿಯ ಹಾಸಿಗೆಯವರೆಗೆ ಬಂದು ತಲುಪಿದ್ದು ರಸಾಯನ ಶಾಸ್ತ್ರಜ್ಞರ ಕೈಯ ಮೂಲಕ. ಅದು ಹೇಗೆಂಬುದನ್ನು, ವಿಜ್ಞಾನವನ್ನು ಓದದ ನಮ್ಮ ಸಹಪಾಠಿಗಳಿಗೂ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಹಳೆಯ ಸಂಗತಿ. ಸಸ್ಯಗಳಲ್ಲಿಯೂ ಪ್ರಾಣಿಗಳಲ್ಲಿಯೂ ಉಂಟಾಗುವ ವಸ್ತುಗಳನ್ನು ಮನುಷ್ಯನು ಮಾಡಲಾರ, ಅದಕ್ಕೆ ಜೀವಶಕ್ತಿಯೆಂಬುದೊಂದು ಬೇಕು ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅನೇಕ ಪಂಡಿತರು ನಂಬಿದ್ದರು. ೧೮೨೮ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಎಂಬಾತನು ಖನಿಜ ಮೂಲದ ಲವಣವೊಂದನ್ನು ಕಾಯಿಸಿ ಯೂರಿಯವನ್ನು ಪಡೆದನು. ಯೂರಿಯ ಪ್ರಾಣಿಗಳ ಮೂತ್ರದಲ್ಲಿರುವ ವಸ್ತು. ಮೂತ್ರದಿಂದ ತೆಗೆದ ಯೂರಿಯಕ್ಕೂ ಗಾಜಿನ ಪಾತ್ರೆಯಲ್ಲಿ ಹುಟ್ಟಿದ ಯೂರಿಯಕ್ಕೂ ಎಳ್ಳಷ್ಟೂ ಭೇದವಿರಲಿಲ್ಲ. ಎರಡರಲ್ಲಿಯೂ ಅವೇ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕದ ಪರಮಾಣುಗಳು. ಅವುಗಳ ಜೋಡಣೆಯೂ ಒಂದೇ. ಅಣುವಿಗೆ ತನ್ನ ಹುಟ್ಟೂರು ನೆನಪಿರುವುದಿಲ್ಲ. ಹೀಗೆ ಸರಳವಾದ ವಸ್ತುಗಳಿಂದ ಹೊರಟು, ಪರಮಾಣುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ, ಪ್ರಕೃತಿಯಲ್ಲಿರುವ ಅಣುವನ್ನೇ ಕಟ್ಟುವ ಕೆಲಸಕ್ಕೆ ಸಂಶ್ಲೇಷಣೆ ಎಂದು ಹೆಸರು.

ಗಿಡಮರಗಳಲ್ಲಿ ಅರ್ಬುದದ ಮದ್ದು ಏಕೆ ಇರಬೇಕು? ಅವೇನೂ ನಮ್ಮ ಉಪಕಾರಕ್ಕಾಗಿ ಅದನ್ನು ಮಾಡಿಟ್ಟಿಲ್ಲ. ಗಿಡಕ್ಕೆ ಓಡಲು ಕಾಲಿಲ್ಲ, ಹೊಡೆಯಲು ಕೈಯಿಲ್ಲ. ಹುಳು, ಶಿಲೀಂಧ್ರ, ಮೇಯುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ಅನೇಕ ಗಿಡಗಳು ವಿಷಗಳನ್ನು ತಯಾರಿಸಿಕೊಳ್ಳುತ್ತವೆ. ಅರ್ಬುದವೆಂದರೆ ನಮ್ಮದೇ ಶರೀರದ ಜೀವಕೋಶಗಳು ಅಂಕೆ ತಪ್ಪಿ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುವುದು. ಕೋಶ ಒಡೆಯುವುದನ್ನು ತಡೆಯುವ ವಿಷವೊಂದು ಸಿಕ್ಕಿದರೆ, ಅಳತೆ ಮೀರದಂತೆ ಕೊಟ್ಟಾಗ, ಅದೇ ಮದ್ದಾಗುತ್ತದೆ. ಕೂದಲಿನ ಬುಡದ ಕೋಶಗಳೂ ರಕ್ತವನ್ನು ಉತ್ಪಾದಿಸುವ ಕೋಶಗಳೂ ಬೇಗ ಬೇಗ ಒಡೆಯುವಂಥವೇ. ಆದುದರಿಂದಲೇ ಈ ಚಿಕಿತ್ಸೆ ಪಡೆಯುವವರ ತಲೆಗೂದಲು ಉದುರುವುದು, ರಕ್ತದ ಬಿಳಿಯ ಕಣಗಳು ಕಡಮೆಯಾಗುವುದು.

ಇದಕ್ಕೆ ಉದಾಹರಣೆ ನಮ್ಮ ಮನೆಯಂಗಳದಲ್ಲಿಯೇ ಇದೆ. ವರ್ಷವಿಡೀ ಹೂ ಬಿಡುವುದರಿಂದ ನಿತ್ಯಪುಷ್ಪ, ಸದಾಪುಷ್ಪ ಎಂದು ಕರೆಯುವ, ನಸುಗೆಂಪು ಅಥವಾ ಬಿಳಿಯ ಐದೆಸಳಿನ ಹೂವಿನ ಗಿಡವನ್ನು ನೋಡದವರಿಲ್ಲ. ಇದರ ಎಲೆ ಮಧುಮೇಹಕ್ಕೆ ಮದ್ದೆಂಬ ನಂಬಿಕೆ ಹಲವು ನಾಡುಗಳಲ್ಲಿತ್ತು. ಕೆನಡ ದೇಶದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ೧೯೫೦ರ ದಶಕದಲ್ಲಿ ಅದನ್ನು ಪರೀಕ್ಷಿಸಲು ಹೊರಟರು. ಸಕ್ಕರೆ ಇಳಿಯಲಿಲ್ಲ, ಆದರೆ ಪ್ರಾಣಿಗಳ ರಕ್ತದಲ್ಲಿ ಬಿಳಿಯ ಕಣಗಳು ಇಳಿದುವು. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ರಕ್ತದ ಅರ್ಬುದಕ್ಕೆ ಇದು ಆದೀತಲ್ಲವೆ ಎಂದು ಅವರಿಗೆ ಹೊಳೆಯಿತು. ಹೀಗೆ ದೊರೆತದ್ದು ವಿನ್‌ಬ್ಲಾಸ್ಟೀನ್. ಅದೇ ಗಿಡದಿಂದ ಬೇರೊಂದು ಸಂಶೋಧಕರ ತಂಡ ಪಡೆದ ವಿನ್‌ಕ್ರಿಸ್ಟೀನ್ ೧೯೬೩ರಲ್ಲಿ ಬಳಕೆಗೆ ಬಂದು, ಮಕ್ಕಳ ರಕ್ತದ ಅರ್ಬುದದ ಚಿಕಿತ್ಸೆಯಲ್ಲಿ ಇಂದಿಗೂ ಮುಖ್ಯ ಸ್ಥಾನದಲ್ಲಿದೆ. ಆದರೆ ಕೆಲವೇ ಗ್ರಾಂ ಮದ್ದಿಗೆ ಟನ್ನುಗಟ್ಟಲೆ ಒಣ ಎಲೆ ಬೇಕು. ಇದನ್ನು ಓದಿ ಯಾರೂ ಅಂಗಳದ ಗಿಡದ ಸೊಪ್ಪನ್ನು ಅರೆದು ಕುಡಿಯುವ ಸಾಹಸ ಮಾಡಬಾರದು. ಎಲೆಯಲ್ಲಿ ಎಷ್ಟು ವಿಷವಿದೆಯೆಂದು ಅರೆಯುವ ಕಲ್ಲಿಗೆ ತಿಳಿಯದು.

ಗಿಡದಲ್ಲಿ ಮದ್ದಿದೆ, ಆದರೆ ಸಾಲದು. ಈ ತೊಡಕು ಎಷ್ಟು ಕಠಿಣವಾದುದೆಂಬುದನ್ನು ತೋರಿಸುವ ಕಥೆ ಟ್ಯಾಕ್ಸಾಲ್‌ನದು. ೧೯೬೨ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್‌ಕ್ಲೇ ಎಂಬವರು ವಾಷಿಂಗ್‌ಟನ್ ರಾಜ್ಯದ ಕಾಡಿನಲ್ಲಿ ಯೂ ಎಂಬ ಮರದ ತೊಗಟೆ ಮತ್ತು ಎಲೆಗಳನ್ನು ಚೀಲದಲ್ಲಿ ತುಂಬಿ ಕಳುಹಿಸಿದರು. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಸಾವಿರಾರು ಸಸ್ಯಗಳನ್ನು ಪರೀಕ್ಷಿಸುತ್ತಿದ್ದ ಕಾಲವದು. ಯೂ ಬೆಲೆಯುಳ್ಳ ಮರವಲ್ಲ. ದೊಡ್ಡ ಮರಗಳ ನೆರಳಿನಲ್ಲಿ ನಿಧಾನವಾಗಿ ಬೆಳೆಯುವುದನ್ನು ಮರ ಕಡಿಯುವವರು ಕಸವೆಂದು ಸುಡುತ್ತಿದ್ದರು. ಅದರ ತೊಗಟೆಯ ಸಾರ ಅರ್ಬುದದ ಕೋಶಗಳನ್ನು ಕೊಲ್ಲುತ್ತದೆಂದು ತಿಳಿದಾಗ, ಆ ಸಾರದಲ್ಲಿ ಕೆಲಸ ಮಾಡುವ ವಸ್ತು ಯಾವುದೆಂಬುದನ್ನು ಹುಡುಕುವ ಭಾರ ಉತ್ತರ ಕೆರೊಲಿನಾದ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅವರ ಮೇಲೆ ಬಿತ್ತು. ವಾಣಿಯವರು ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಅಮೆರಿಕಕ್ಕೆ ಹೋದವರು. ಹನ್ನೆರಡು ಕಿಲೋಗ್ರಾಂ ಒಣಗಿದ ತೊಗಟೆ ಕಾಂಡಗಳನ್ನು ಸೋಸಿ ಬೇರ್ಪಡಿಸುತ್ತ ಬಂದರೆ ಕೊನೆಗೆ ಉಳಿದದ್ದು ಸುಮಾರು ಅರ್ಧ ಗ್ರಾಂ. ಅದರ ಅಣುವಿನ ರಚನೆಯನ್ನು ಅವರು ೧೯೭೧ರಲ್ಲಿ ಪ್ರಕಟಿಸಿದರು.

ಮುಂದೆ ಹಲವು ವರ್ಷ ಟ್ಯಾಕ್ಸಾಲ್‌ಗೆ ಯಾರೂ ಹೆಚ್ಚಿನ ಮನ್ನಣೆ ಕೊಡಲಿಲ್ಲ. ೧೯೭೯ರಲ್ಲಿ ನ್ಯೂಯಾರ್ಕಿನ ಸೂಸನ್ ಹಾರ್ವಿಟ್ಜ್ ಅವರ ತಂಡ ಅದು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಮೇಲೆ ದೃಷ್ಟಿ ಬದಲಾಯಿತು. ಜೀವಕೋಶ ಒಡೆಯುವ ಸಮಯದಲ್ಲಿ ಅದರೊಳಗೆ ಸೂಕ್ಷ್ಮವಾದ ನಾಳಗಳು ಕದಿರಿನ ಆಕಾರದಲ್ಲಿ ಕಟ್ಟಿಕೊಂಡು, ವರ್ಣತಂತುಗಳನ್ನು ಎರಡು ಪಾಲಾಗಿ ಎಳೆದು, ಮತ್ತೆ ಬಿಚ್ಚಿಹೋಗುತ್ತವೆ. ಮನೆ ಕಟ್ಟುವಾಗ ಹಾಕುವ ಸಾರುವೆಯಂತೆ ಇದು. ಬೇಕಾದಾಗ ಕಟ್ಟಬೇಕು, ಕೆಲಸ ಮುಗಿದೊಡನೆ ಬಿಚ್ಚಬೇಕು. ನಿತ್ಯಪುಷ್ಪದ ಮದ್ದು ಸಾರುವೆಯನ್ನು ಕಟ್ಟಲು ಬಿಡುವುದಿಲ್ಲ. ಟ್ಯಾಕ್ಸಾಲ್ ಕಟ್ಟಿದ್ದನ್ನು ಬಿಚ್ಚಲು ಬಿಡುವುದಿಲ್ಲ. ಎರಡರಿಂದಲೂ ಕೋಶಕ್ಕೆ ಒಡೆಯಲಾಗದೆ ಅದು ಸಾಯುತ್ತದೆ. ಬಿಚ್ಚದಂತೆ ಮಾಡುವ ಇಂಥ ಮದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

೧೯೮೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೇರೆ ಮದ್ದುಗಳಿಗೆ ಬಗ್ಗದ ಅಂಡಾಶಯದ ಅರ್ಬುದವಿದ್ದ ೪೦ ಮಂದಿ ಹೆಂಗಸರಲ್ಲಿ ೧೨ ಮಂದಿಯ ಗೆಡ್ಡೆಗಳು ಟ್ಯಾಕ್ಸಾಲ್‌ನಿಂದ ಕುಗ್ಗಿದುವು. ಈ ಸುದ್ದಿಯೇ ಸಂಕಟವನ್ನೂ ತಂದಿತು. ಯೂ ಮರ ದಪ್ಪವಾಗಲು ನೂರು ವರ್ಷ ಬೇಕು. ತೊಗಟೆ ಸುಲಿದರೆ ಮರ ಸಾಯುತ್ತದೆ. ಒಬ್ಬ ರೋಗಿಯ ಚಿಕಿತ್ಸೆಗೆ ಇಂಥ ಹಲವು ಮರಗಳು ಬೀಳಬೇಕು. ಆ ಕಾಡುಗಳೇ ಅಳಿವಿನ ಅಂಚಿನಲ್ಲಿದ್ದ ಚುಕ್ಕೆಗೂಬೆಯ ವಾಸಸ್ಥಾನ. ಒಂದು ಕಡೆ ಮದ್ದಿಗಾಗಿ ಕಾದ ತಾಯಂದಿರು, ಇನ್ನೊಂದು ಕಡೆ ಕಾಡನ್ನು ಉಳಿಸಿರೆನ್ನುವ ಜನ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಈ ವಿವಾದವನ್ನು ಸಭೆ ಸೇರಿ ತೀರಿಸುವಂತಿರಲಿಲ್ಲ. ಮರವಿಲ್ಲದೆ ಮದ್ದು ಮಾಡುವುದು ಸಾಧ್ಯವೆ ಎಂಬ ಪ್ರಶ್ನೆಗೆ ರಸಾಯನ ಶಾಸ್ತ್ರವೇ ಉತ್ತರ ಹೇಳಬೇಕಾಗಿತ್ತು.

ಪ್ರಶ್ನೆ ಸುಲಭವಾದುದಲ್ಲ. ಟ್ಯಾಕ್ಸಾಲ್‌ನ ಒಂದು ಅಣುವಿನಲ್ಲಿ ೪೭ ಇಂಗಾಲ, ೫೧ ಜಲಜನಕ, ೧ ಸಾರಜನಕ, ೧೪ ಆಮ್ಲಜನಕ, ಒಟ್ಟು ೧೧೩ ಪರಮಾಣುಗಳಿವೆ. ಇವು ಇದ್ದರೆ ಸಾಲದು, ಒಂದೊಂದೂ ತಕ್ಕ ದಿಕ್ಕಿಗೆ ಮುಖ ಮಾಡಿರಬೇಕು. ನಮ್ಮ ಎಡಗೈ ಬಲಗೈಗಳಲ್ಲಿ ಬೆರಳುಗಳ ಸಂಖ್ಯೆ ಒಂದೇ, ಕ್ರಮವೂ ಒಂದೇ. ಆದರೂ ಎಡಗೈಯ ಚೀಲ ಬಲಗೈಗೆ ಕೂಡುವುದಿಲ್ಲ. ಟ್ಯಾಕ್ಸಾಲ್‌ನ ಅಣುವಿನಲ್ಲಿ ಇಂಥ ಎಡಬಲದ ಭೇದವಿರುವ ಸ್ಥಾನಗಳು ೧೧. ಪ್ರತಿಯೊಂದಕ್ಕೂ ಎರಡು ಬಗೆಯೆಂದರೆ ಒಟ್ಟು ೨,೦೪೮ ರೂಪಗಳನ್ನು ಎಣಿಸಬಹುದು. ಅವುಗಳಲ್ಲಿ ಯೂ ಮರ ಮಾಡುವುದು ಒಂದನ್ನೇ. ರಸಾಯನಜ್ಞನೂ ಆ ಒಂದನ್ನೇ ಮಾಡಬೇಕು.

ಇನ್ನೊಂದು ತೊಡಕು ಲೆಕ್ಕದ್ದು. ಇಂಥ ಅಣುವನ್ನು ಒಂದೇ ಸಲಕ್ಕೆ ಕಟ್ಟಲಾಗದು. ನಲವತ್ತು ಐವತ್ತು ಹೆಜ್ಜೆಗಳಲ್ಲಿ ಕಟ್ಟಬೇಕು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಸ್ವಲ್ಪ ಪದಾರ್ಥ ಹಾಳಾಗುತ್ತದೆ. ಪ್ರತಿ ಹೆಜ್ಜೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಉಳಿಯಿತೆಂದು ಇಟ್ಟುಕೊಳ್ಳೋಣ. ಕೇಳಲು ಚೆನ್ನಾಗಿಯೇ ಇದೆ. ಆದರೆ ನಲವತ್ತು ಹೆಜ್ಜೆ ನಡೆದ ಮೇಲೆ ಲೆಕ್ಕ ಹಾಕಿದರೆ, ಹತ್ತು ಸಾವಿರ ಪಾಲಿಗೆ ಉಳಿದಿರುವುದು ಹೆಚ್ಚುಕಡಮೆ ಒಂದೇ ಪಾಲು! ನೂರಕ್ಕೆ ತೊಂಬತ್ತು ಉಳಿದರೂ ಕೊನೆಗೆ ಕೈಗೆ ಬರುವುದು ನೂರಕ್ಕೆ ಒಂದೂವರೆ. ತೂತುಬಿದ್ದ ಕೊಡದಲ್ಲಿ ದೂರದ ಬಾವಿಯಿಂದ ನೀರು ತಂದಂತೆ.

ಇಷ್ಟಿದ್ದರೂ ಹಲವು ದೇಶಗಳ ಪ್ರಯೋಗಶಾಲೆಗಳು ಈ ಕೆಲಸಕ್ಕೆ ಕೈಹಾಕಿದುವು. ೧೯೯೪ರ ಆರಂಭದಲ್ಲಿ ಫ್ಲೋರಿಡದ ರಾಬರ್ಟ್ ಹೋಲ್ಟನ್ ಅವರ ತಂಡವೂ ಕ್ಯಾಲಿಫೋರ್ನಿಯದ ನಿಕೊಲಾವು ಅವರ ತಂಡವೂ ಬೇರೆ ಬೇರೆ ದಾರಿಗಳಲ್ಲಿ ನಡೆದು ಟ್ಯಾಕ್ಸಾಲ್ ಅಣುವನ್ನು ಪೂರ್ಣವಾಗಿ ಕಟ್ಟಿದುದನ್ನು ಪ್ರಕಟಿಸಿದುವು. ವರ್ಷಗಳ ದುಡಿಮೆ ಕೈಗೂಡಿತು. ಆದರೆ ಸತ್ಯವನ್ನು ಹೇಳಬೇಕು. ಈ ದಾರಿಗಳಿಂದ ದೊರೆತ ಟ್ಯಾಕ್ಸಾಲ್ ರೋಗಿಗಳಿಗೆ ಹಂಚುವಷ್ಟಿರಲಿಲ್ಲ. ಅದರ ವೆಚ್ಚವೂ ತಾಳುವಂಥದಲ್ಲ.

ಹಾಗಾದರೆ ಮದ್ದು ಎಲ್ಲಿಂದ ಬಂತು? ಫ್ರಾನ್ಸ್ ದೇಶದಲ್ಲಿ ಪಿಯೆರ್ ಪೋಟಿಯೇ ಮತ್ತು ಅವರ ಸಹೋದ್ಯೋಗಿಗಳು ಯೂರೋಪಿನ ಯೂ ಮರದ ಎಲೆಯನ್ನು ಪರೀಕ್ಷಿಸುತ್ತಿದ್ದರು. ಎಲೆಯಲ್ಲಿ ಟ್ಯಾಕ್ಸಾಲ್ ಅಲ್ಪವೇ. ಆದರೆ ಟ್ಯಾಕ್ಸಾಲ್‌ನ ದೊಡ್ಡ ಒಡಲನ್ನೇ ಹೋಲುವ, ಪಕ್ಕದ ಬಾಲವೊಂದು ಮಾತ್ರ ಇಲ್ಲದ ಇನ್ನೊಂದು ಅಣು ಕಿಲೋ ಒಂದಕ್ಕೆ ಒಂದು ಗ್ರಾಂನಷ್ಟು ಸಿಕ್ಕುತ್ತಿತ್ತು. ಆ ಒಡಲಿಗೆ ಪ್ರಯೋಗಶಾಲೆಯಲ್ಲಿ ಬಾಲವನ್ನು ಜೋಡಿಸಿದರೆ ಟ್ಯಾಕ್ಸಾಲ್ ಸಿದ್ಧ. ಕಷ್ಟದ ಹೆಜ್ಜೆಗಳನ್ನೆಲ್ಲ ಎಲೆಯೇ ಮುಗಿಸಿಕೊಟ್ಟಿರುತ್ತದೆ. ಮನುಷ್ಯನಿಗೆ ಉಳಿದದ್ದು ಕೆಲವೇ ಹೆಜ್ಜೆ. ಎಲೆ ಕೊಯ್ದರೆ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಈ ಅರ್ಧ ಸಂಶ್ಲೇಷಣೆಯನ್ನು ಹೋಲ್ಟನ್ ಅವರೂ ಉತ್ತಮಪಡಿಸಿದರು. ೧೯೯೦ರ ದಶಕದ ನಡುವಿನ ಹೊತ್ತಿಗೆ ಮದ್ದಿಗಾಗಿ ಅಮೆರಿಕದ ಯೂ ಮರಗಳ ತೊಗಟೆ ಸುಲಿಯುವ ಅಗತ್ಯ ತಪ್ಪಿತು. ಮುಂದೆ ಯೂ ಮರದ ಕೋಶಗಳನ್ನೇ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಮದ್ದು ತೆಗೆಯುವ ವಿಧಾನವೂ ಬಂದಿತು. ಬಾಲವನ್ನು ಸ್ವಲ್ಪ ಬದಲಾಯಿಸಿ ಫ್ರೆಂಚರು ಮಾಡಿದ ಡೋಸಿಟ್ಯಾಕ್ಸೆಲ್ ಎಂಬ ಇನ್ನೊಂದು ಮದ್ದು ಸ್ತನದ ಅರ್ಬುದಕ್ಕೆ ಉಪಯೋಗವಾಗುತ್ತಿದೆ. ಟ್ಯಾಕ್ಸಾಲ್ ೧೯೯೨ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಈಗ ಆಸ್ಪತ್ರೆಗಳಲ್ಲಿ ಅದನ್ನು ಪ್ಯಾಕ್ಲಿಟ್ಯಾಕ್ಸೆಲ್ ಎನ್ನುತ್ತಾರೆ.

ಇದನ್ನು ಕೇಳಿದವರು, ಹಾಗಾದರೆ ಪೂರ್ಣ ಸಂಶ್ಲೇಷಣೆ ಬರಿಯ ಪಾಂಡಿತ್ಯ ಪ್ರದರ್ಶನವೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಉತ್ತರ ಕೊಟ್ಟದ್ದು ಜಪಾನಿನ ಕಡಲಿನ ಒಂದು ಸ್ಪಂಜು. ೧೯೮೦ರ ದಶಕದಲ್ಲಿ ಹಿರಾಟ ಮತ್ತು ಉವೆಮುರ ಎಂಬ ಜಪಾನಿ ವಿಜ್ಞಾನಿಗಳು ಟೋಕಿಯೋದ ದಕ್ಷಿಣಕ್ಕಿರುವ ಮಿಯುರ ಪರ್ಯಾಯದ್ವೀಪದ ತೀರದಲ್ಲಿ ಬಂಡೆಗಳಿಗೆ ಅಂಟಿಕೊಂಡಿರುವ ಕಪ್ಪು ಸ್ಪಂಜನ್ನು ೬೦೦ ಕಿಲೋಗ್ರಾಂನಷ್ಟು ಕೂಡಿಸಿ, ಅದರಿಂದ ಹ್ಯಾಲಿಕಾಂಡ್ರಿನ್-ಬಿ ಎಂಬ ವಸ್ತುವನ್ನು ಬೇರ್ಪಡಿಸಿದರು. ದೊರೆತದ್ದು ಹನ್ನೆರಡೂವರೆ ಮಿಲಿಗ್ರಾಂ; ಕೆಲವು ಹರಳು ಉಪ್ಪಿನಷ್ಟು. ಅರ್ಬುದದ ಕೋಶಗಳ ಮೇಲೆ ಅದರ ಶಕ್ತಿ ಅದ್ಭುತವಾಗಿತ್ತು. ನ್ಯೂಜಿಲೆಂಡಿನ ಕಡಲಿನಲ್ಲಿ ಇನ್ನೊಂದು ಜಾತಿಯ ಸ್ಪಂಜಿನಲ್ಲಿಯೂ ಅದು ಸಿಕ್ಕಿತು. ಒಂದು ಟನ್ ಸ್ಪಂಜಿಗೆ ಸುಮಾರು ೩೦೦ ಮಿಲಿಗ್ರಾಂ. ಕಡಲನ್ನೆಲ್ಲ ಬರಿದು ಮಾಡಿದರೂ ಆಸ್ಪತ್ರೆಗಳಿಗೆ ಸಾಕಾಗುವಂತಿರಲಿಲ್ಲ. ಇಲ್ಲಿ ಎಲೆಯ ನೆರವೂ ಇಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಯೋಶಿಟೊ ಕಿಶಿ ಅವರು ಈ ಅಣುವನ್ನು ಕಟ್ಟಲು ಮನಸ್ಸು ಮಾಡಿದರು. ಟ್ಯಾಕ್ಸಾಲ್‌ನಲ್ಲಿ ಎಡಬಲದ ಸ್ಥಾನಗಳು ೧೧ ಆದರೆ ಇದರಲ್ಲಿ ೩೨! ತುಂಡುಗಳನ್ನು ಬೇರೆ ಬೇರೆಯಾಗಿ ಮಾಡಿಕೊಂಡು ಕೊನೆಗೆ ಬೆಸೆಯುವುದು ಅವರ ಕ್ರಮ. ಬೆಸೆಯಲು ಕ್ರೋಮಿಯಂ ಲವಣವನ್ನು ಬಳಸುವ ಒಂದು ಕ್ರಿಯೆ ಅವರಿಗೆ ಬಹಳ ಒದಗಿತು. ಈ ಕ್ರಿಯೆಯ ಹಿಂದೆ ಒಂದು ಸ್ವಾರಸ್ಯವಿದೆ. ಇದಕ್ಕೂ ಹಿಂದೆ ಬೇರೊಂದು ಅಣುವಿನ ಕೆಲಸದಲ್ಲಿ ಈ ಕ್ರಿಯೆಯನ್ನು ಮಾಡಿದಾಗ, ಒಂದು ಕಡೆಯಿಂದ ತರಿಸಿದ ಲವಣದಲ್ಲಿ ಕೆಲಸ ಚೆನ್ನಾಗಿ ನಡೆಯುವುದು, ಇನ್ನೊಂದು ಕಡೆಯದರಲ್ಲಿ ನಡೆಯದಿರುವುದು ಅವರಿಗೆ ಕಂಡಿತು. ಬೇಸರಪಟ್ಟು ಬಿಡದೆ ಕಾರಣವನ್ನು ಹುಡುಕಿದರು. ಕೆಲಸ ನಡೆದ ಲವಣದಲ್ಲಿ ಕಲಬೆರಕೆಯಾಗಿ ಕಿಂಚಿತ್ ನಿಕ್ಕಲ್ ಇತ್ತು; ಕ್ರಿಯೆಯನ್ನು ನಡೆಸುತ್ತಿದ್ದುದು ಆ ಕಲಬೆರಕೆಯೇ. ಅಂದಿನಿಂದ ಉದ್ದೇಶಪೂರ್ವಕವಾಗಿಯೇ ಚಿಟಿಕೆ ನಿಕ್ಕಲ್ ಸೇರಿಸತೊಡಗಿದರು. ೧೯೯೨ರಲ್ಲಿ ಹ್ಯಾಲಿಕಾಂಡ್ರಿನ್ ಪೂರ್ಣವಾಗಿ ಸಿದ್ಧವಾಯಿತು.

ಪೂರ್ಣ ಸಂಶ್ಲೇಷಣೆಯ ನಿಜವಾದ ಲಾಭ ಕಂಡದ್ದು ಆಮೇಲೆ. ಅಣುವನ್ನು ತುಂಡು ತುಂಡಾಗಿ ಕಟ್ಟಿದುದರಿಂದ ಅರ್ಧ ಕಟ್ಟಿದ ತುಂಡುಗಳೂ ಕೈಯಲ್ಲಿದ್ದುವು. ಅವನ್ನೂ ಅರ್ಬುದದ ಕೋಶಗಳ ಮೇಲೆ ಪರೀಕ್ಷಿಸಿದರೆ, ಬಲಗಡೆಯ ಅರ್ಧವೊಂದೇ ಪೂರ್ಣ ಅಣುವಿನ ಕೆಲಸವನ್ನು ಮಾಡುತ್ತಿತ್ತು! ಎಡಗಡೆಯ ಅರ್ಧ ಸ್ಪಂಜಿಗೆ ಯಾವ ಉಪಯೋಗಕ್ಕೋ, ರೋಗಿಗಂತೂ ಬೇಕಿರಲಿಲ್ಲ. ಸ್ಪಂಜಿನಿಂದ ತೆಗೆದ ವಸ್ತುವನ್ನು ಮಾತ್ರ ಹಿಡಿದು ಕುಳಿತಿದ್ದರೆ ಈ ಗುಟ್ಟು ಸುಲಭವಾಗಿ ತಿಳಿಯುತ್ತಿರಲಿಲ್ಲ. ಐಸಾಯ್ ಎಂಬ ಜಪಾನಿ ಔಷಧ ಸಂಸ್ಥೆಯ ವಿಜ್ಞಾನಿಗಳು ಈ ಬಲಗಡೆಯ ಅರ್ಧವನ್ನು ತಿದ್ದಿ, ಶರೀರದಲ್ಲಿ ಬೇಗ ಕೆಡದಂತೆ ಮಾಡಿ, ಎರಿಬುಲಿನ್ ಎಂಬ ಮದ್ದನ್ನು ರೂಪಿಸಿದರು. ಅದನ್ನು ತಯಾರಿಸಲು ಅರವತ್ತಕ್ಕೂ ಹೆಚ್ಚು ಹೆಜ್ಜೆಗಳು ಬೇಕು. ಆದರೂ ಅದು ಕಾರ್ಖಾನೆಯಲ್ಲಿ ತಯಾರಾಗುತ್ತಿದೆ. ಒಂದು ಸ್ಪಂಜೂ ಬೇಕಿಲ್ಲ. ೨೦೧೦ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಸ್ತನದ ಅರ್ಬುದ ಶರೀರವೆಲ್ಲ ಹರಡಿ, ಬೇರೆ ಮದ್ದುಗಳು ಸೋತ ೭೬೨ ಹೆಂಗಸರ ಪರೀಕ್ಷೆಯಲ್ಲಿ, ಬೇರೆ ಚಿಕಿತ್ಸೆ ಪಡೆದವರ ಮಧ್ಯಮ ಆಯುಸ್ಸು ೧೦.೬ ತಿಂಗಳಾದರೆ, ಎರಿಬುಲಿನ್ ಪಡೆದವರದು ೧೩.೧ ತಿಂಗಳು.

ಇಷ್ಟೆಲ್ಲ ದುಡಿದು ಗಳಿಸಿದ್ದು ಎರಡೂವರೆ ತಿಂಗಳೇ ಎಂದು ಕೆಲವರಿಗೆ ಅನ್ನಿಸಬಹುದು. ಮಗಳ ಮದುವೆಯನ್ನೋ ಮೊಮ್ಮಗನ ಮುಖವನ್ನೋ ನೋಡಲು ಕಾದಿರುವವಳಿಗೆ ಅದು ಅಲ್ಪವಲ್ಲ. ಹಾಗೆಂದು ಅರ್ಬುದವನ್ನು ಗೆದ್ದೆವೆಂದು ಜಂಬ ಕೊಚ್ಚುವುದೂ ತಪ್ಪು. ಈ ಮದ್ದುಗಳಿಂದ ಕೆಲವರು ಗುಣವಾಗುತ್ತಾರೆ, ಕೆಲವರ ಆಯುಸ್ಸು ಬೆಳೆಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ರೋಗವನ್ನು ಬೇಗ ಕಂಡುಹಿಡಿದಷ್ಟೂ ಚಿಕಿತ್ಸೆ ಸುಲಭವೆಂಬುದು ಇಂದಿಗೂ ಮೊದಲ ಮಾತು.

ಈ ವಿಷಯ ನಮ್ಮ ನಾಡಿಗೆ ದೂರವಾದುದೆಂದು ವಾಚಕರು ಭಾವಿಸಬಾರದು. ಟ್ಯಾಕ್ಸಾಲ್‌ಗಿಂತ ಮೊದಲೇ, ೧೯೬೬ರಲ್ಲಿ, ಅದೇ ವಾಲ್ ಮತ್ತು ವಾಣಿಯವರು ಚೀನ ದೇಶದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಪಡೆದಿದ್ದರು. ೧೯೭೨ರಲ್ಲಿ ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ಅದೇ ವಸ್ತುವನ್ನು ನಮ್ಮ ಪಶ್ಚಿಮ ಘಟ್ಟದ ಮರವೊಂದರಲ್ಲಿ ಕಂಡರು. ಹೂವಿನ ಕೆಟ್ಟ ವಾಸನೆಯ ಕಾರಣ ಕನ್ನಡದಲ್ಲಿ ಅದನ್ನು ದುರ್ವಾಸನೆ ಮರ ಎನ್ನುತ್ತಾರೆ. ಕ್ಯಾಂಪ್ಟೊಥೆಸಿನ್ ಇದ್ದ ಹಾಗೆಯೇ ಮದ್ದಾಗಲಿಲ್ಲ. ನೀರಿನಲ್ಲಿ ಕರಗದು, ಕರಗುವಂತೆ ಮಾಡಿ ಕೊಟ್ಟಾಗ ರೋಗಿಗಳಿಗೆ ಬಹಳ ತೊಂದರೆಯಾಯಿತು. ಅಣುವಿನ ಒಂದು ಅಂಚನ್ನು ರಸಾಯನಜ್ಞರು ಬದಲಾಯಿಸಿದ ಮೇಲೆ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಎರಡು ಒಳ್ಳೆಯ ಮದ್ದುಗಳಾದುವು. ಈ ಅಣುವಿನ ಪೂರ್ಣ ಸಂಶ್ಲೇಷಣೆ ೧೯೭೧ರಲ್ಲಿಯೇ ಆಗಿದ್ದರೂ ಮೂಲವಸ್ತುವನ್ನು ಮರದಿಂದ ತೆಗೆಯುವುದೇ ಅಗ್ಗ. ಅದರ ಫಲವಾಗಿ ಘಟ್ಟದ ಕಾಡುಗಳಲ್ಲಿ ಅನೇಕ ದುರ್ವಾಸನೆ ಮರಗಳು ಕೊಡಲಿಗೆ ಬಿದ್ದುವು. ಅಮೆರಿಕದ ಯೂ ಮರಕ್ಕೆ ಒದಗಿದ ಸಂಕಟವೇ ನಮ್ಮ ಮರಕ್ಕೂ ಒದಗಿತು. ಯಾರೂ ಮೂಸಿ ನೋಡಲೊಲ್ಲದ ಮರ ರೋಗಿಗಳ ಪಾಲಿಗೆ ಆಸರೆಯಾಯಿತು. ಆದರೆ ಅದನ್ನು ಕಾಯುವ ಕೆಲಸ ಇನ್ನೂ ನಮ್ಮ ಮೇಲಿದೆ.

ಮೊದಲು ಎತ್ತಿದ ಮಾತಿಗೆ ಹಿಂದಿರುಗೋಣ. ಗಿಡದ ಮದ್ದು ಮೇಲೋ, ಪ್ರಯೋಗಶಾಲೆಯ ಮದ್ದು ಮೇಲೋ ಎಂಬ ಪ್ರಶ್ನೆಯೇ ಸರಿಯಲ್ಲ. ಯೂ ಮರ ತೋರಿಸದಿದ್ದರೆ ಟ್ಯಾಕ್ಸಾಲ್‌ನಂಥ ಅಣುವೊಂದು ಇರಬಹುದೆಂದು ಯಾವ ಪಂಡಿತನಿಗೂ ಹೊಳೆಯುತ್ತಿರಲಿಲ್ಲ. ರಸಾಯನ ಶಾಸ್ತ್ರ ಇಲ್ಲದಿದ್ದರೆ ಆ ಮರವೂ ಉಳಿಯುತ್ತಿರಲಿಲ್ಲ, ಮದ್ದೂ ಕೆಲವರಿಗೆ ಮಾತ್ರ ದಕ್ಕುತ್ತಿತ್ತು. ಪ್ರಕೃತಿ ಸುಳಿವು ಕೊಡುತ್ತದೆ. ಎಲ್ಲರಿಗೂ ಸಾಲುವಷ್ಟು ಮಾಡಿಕೊಳ್ಳುವ ಹೊಣೆ ನಮ್ಮದು. ಒಂದು ಕಾಡು ಕಡಿದುಹೋದಾಗ ನಾವು ಕಳೆದುಕೊಳ್ಳುವುದು ಮರದ ದಿಮ್ಮಿಗಳನ್ನಷ್ಟೇ ಅಲ್ಲ, ಇನ್ನೂ ಯಾರೂ ಓದದ ಸುಳಿವುಗಳನ್ನೂ ಕಳೆದುಕೊಳ್ಳುತ್ತೇವೆ. ಮುಂದಿನ ಸಲ ಅಂಗಳದ ನಿತ್ಯಪುಷ್ಪವನ್ನು ಕಂಡಾಗ, ಅಥವಾ ಪ್ರವಾಸಕ್ಕೆಂದು ಘಟ್ಟಕ್ಕೆ ಹೋಗಿ ಮೂಗು ಮುಚ್ಚಿಕೊಳ್ಳುವಂಥ ಹೂವಿನ ಮರದ ಕೆಳಗೆ ನಿಂತಾಗ, ಇದನ್ನು ನೆನೆದರೆ ಈ ಲೇಖನ ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.